ಅಮ್ಮನ ಶುಗರ್‌ಗೆ ಫೋನಿನಲ್ಲಿ ಸಿಗುವ ಡಾಕ್ಟರ್ ಸಾಕಾ?

ಅಮ್ಮನಿಗೆ ಹೊಸದಾಗಿ ಶುಗರ್ ಕಾಣಿಸಿಕೊಂಡಿದೆ, ಊರಲ್ಲಿ ತಜ್ಞರಿಲ್ಲ, ವಿಡಿಯೋ ಕರೆಯಲ್ಲೇ ತೋರಿಸಿದರೆ ಸಾಕಾ ಅಂತ ಕೇಳಿದ್ದೀರಿ. ನಮ್ಮಪ್ಪ ನಾಗಮಂಗಲದ ಹತ್ತಿರ ಹಳ್ಳಿಯಲ್ಲಿದ್ದಾರೆ, ನಾನು ಬೆಂಗಳೂರಲ್ಲಿ. ಮೂರು ವರ್ಷದಿಂದ ಅವರ ಶುಗರ್ ಹೀಗೇ ನೋಡಿಕೊಳ್ಳುತ್ತಿದ್ದೇವೆ. ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಉಳಿದ ಕಾಲು ಪಾಲನ್ನು ಬಿಟ್ಟಿರೋ, ಅಪಾಯ.

ಅಪ್ಪ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿ ನೋಡುತ್ತಿದ್ದರು. 125, 130. ಎಲ್ಲ ಸರಿಯಿದೆ ಅಂದುಕೊಂಡಿದ್ದೆವು. ಎಚ್‌ಬಿಎ1ಸಿ ಅನ್ನುವ ರಕ್ತಪರೀಕ್ಷೆ ಮಾಡಿಸಿದಾಗ 7.9 ಬಂತು. ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕುತ್ತವೆ, ಅಷ್ಟೂ ದಿನ ಅವಕ್ಕೆ ಸಕ್ಕರೆ ಅಂಟುತ್ತಾ ಹೋಗುತ್ತದೆ. ಹಾಗಾಗಿ ಈ ಪರೀಕ್ಷೆ ಎರಡು ಮೂರು ತಿಂಗಳ ಲೆಕ್ಕ ಹೇಳುತ್ತದೆ. 6.5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಧುಮೇಹ. (ರಕ್ತಹೀನತೆ ಇದ್ದರೆ ಈ ಲೆಕ್ಕ ತಪ್ಪಬಹುದು, ಡಾಕ್ಟರಿಗೆ ಹೇಳಿ.)

"ಊಟ ಆಗಿ ಎರಡು ಗಂಟೆಗೆ ನೋಡಿದ್ದೀರಾ?" ಅಂತ ಫೋನಿನಲ್ಲಿದ್ದ ಡಾಕ್ಟರಮ್ಮ ಕೇಳಿದರು. ಮಾರನೇ ದಿನ ನೋಡಿದರೆ 248! ಮಧ್ಯಾಹ್ನ ಎರಡು ಮುದ್ದೆ, ಮೇಲೊಂದಿಷ್ಟು ಅನ್ನ. ರಾಗಿ ತಿಂದರೆ ಶುಗರ್ ಏರಲ್ಲ ಅನ್ನೋದು ಅಪ್ಪನ ನಂಬಿಕೆ. ಡಾಕ್ಟರಮ್ಮ ಮುದ್ದೆ ಬಿಡಿಸಲಿಲ್ಲ. ಒಂದೇ ಮುದ್ದೆ, ಬಸ್ಸಾರಿನ ಸೊಪ್ಪು ಕಾಳು ಜಾಸ್ತಿ, ಅನ್ನ ಬೇಡ ಅಂದರು. ಮಾತ್ರೆಯನ್ನೂ ಹೊಂದಿಸಿದರು. ಅಷ್ಟೂ ಸಾಧ್ಯವಾಗಿದ್ದು ನಾವು ಹೊತ್ತು, ಊಟ, ಅಂಕಿ ಮೂರನ್ನೂ ಬರೆದಿಟ್ಟ ನೋಟ್‌ಬುಕ್‌ನಿಂದ. ನೀವೂ ಕರೆಗೆ ಮುಂಚೆ ಒಂದು ವಾರದ್ದು ಬರೆದಿಡಿ.

ಡಾಕ್ಟರನ್ನು ಆರಿಸುವಾಗ ಔಷಧಿ ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇದೆಯಾ ನೋಡಿ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಇರಲೇಬೇಕು. ಫೋನಿನಲ್ಲೇ ಡಾಕ್ಟರ್ ಸಿಗುವ ಸರ್ಕಾರದ ಇ-ಸಂಜೀವನಿ ಸೇವೆ ಉಚಿತ. ಮಧುಮೇಹವನ್ನು ಬುಡಸಮೇತ ವಾಸಿ ಮಾಡುತ್ತೇವೆ ಅನ್ನುವವರ ಹತ್ತಿರ ಸುಳಿಯಲೇಬೇಡಿ.

ಕೈ ನಡುಗಿ ಬೆವರು ಬಂದು ಅಂಕಿ 70ಕ್ಕಿಂತ ಕೆಳಗಿಳಿದರೆ ಯಾರಿಗೂ ಕರೆ ಮಾಡುತ್ತಾ ಕೂರಬೇಡಿ. ಮೂರು ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಶುಗರ್ ತುಂಬಾ ಏರಿ ವಾಂತಿ, ಏದುಸಿರು ಇದ್ದರೂ ನೇರ ಆಸ್ಪತ್ರೆಗೇ.

ಇನ್ನು ಫೋನಿನಲ್ಲಿ ಆಗದ ಆ ಕಾಲು ಪಾಲು. ಈ ಡಾಕ್ಟರಮ್ಮ ಸಿಗುವ ಮುಂಚೆ ಬೇರೆ ಒಬ್ಬರು ನಾಲ್ಕೇ ನಿಮಿಷದಲ್ಲಿ ಮಾತ್ರೆ ಬರೆದು ಕರೆ ಮುಗಿಸಿದ್ದರು. ಪಾದದ ಮಾತೇ ಬರಲಿಲ್ಲ, ನಾವೂ ಹೇಳಲಿಲ್ಲ. ಆಗ ಅಪ್ಪನ ಹೆಬ್ಬೆರಳ ಕೆಳಗೆ ಚಪ್ಪಲಿ ಉಜ್ಜಿ ಹುಣ್ಣಾಗಿತ್ತು. ನರಗಳ ಸ್ಪರ್ಶ ಕಡಿಮೆಯಾಗಿದ್ದರಿಂದ ಅವರಿಗೆ ನೋವೇ ಇರಲಿಲ್ಲ. ಕಾಲು ತೊಳೆಯುವಾಗ ನೀರು ಕೆಂಪಾದದ್ದು ಕಂಡು ಅಮ್ಮ ಗಾಬರಿಯಾದರು. ಡ್ರೆಸಿಂಗ್‌ಗೆ ಎರಡು ತಿಂಗಳು ಓಡಾಡಿದೆವು. ಬೆರಳು ಉಳಿಯಿತು.

ಹಾಗಾಗಿ ವರ್ಷಕ್ಕೊಮ್ಮೆ ಪಾದ, ಕಣ್ಣಿನ ರೆಟಿನಾ, ಕಿಡ್ನಿ ಹೇಗಿದೆ ಅಂತ ತಿಳಿಸುವ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಇಷ್ಟನ್ನೂ ಖುದ್ದಾಗಿ ಕರೆದುಕೊಂಡು ಹೋಗಿ ಮಾಡಿಸಿ. ಈಗಷ್ಟೇ ಗೊತ್ತಾಗಿದ್ದರೂ ಮುಂದೂಡಬೇಡಿ, ಎಷ್ಟು ವರ್ಷದಿಂದ ಒಳಗೇ ಇತ್ತೋ ಹೇಳಲಾಗದು. ಮತ್ತೆ ಇವತ್ತು ರಾತ್ರಿ ಅಮ್ಮನ ಎರಡೂ ಪಾದ, ಬೆರಳ ಸಂದಿ ಸಮೇತ, ಬೆಳಕಿಗೆ ಹಿಡಿದು ನೀವೇ ನೋಡಿ.