ಕಲ್ಲಾದ ಸೊಸೆಗೆ ಹೆಸರಿಲ್ಲ ಏಕೆ?

ಓದುಗರ ಪತ್ರ

ಸಕಲೇಶಪುರದ ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: “ಒಂಬತ್ತನೇ ತರಗತಿಗೆ ಸಾಹಿತ್ಯ ಪ್ರಕಾರಗಳನ್ನು ಪಾಠ ಮಾಡಬೇಕು. ಸಣ್ಣಕಥೆ, ಜನಪದ ಕಥೆ, ಐತಿಹ್ಯ, ನೀತಿಕಥೆ, ಪ್ರಬಂಧ ಎಂದು ಬೋರ್ಡಿನ ಮೇಲೆ ಬರೆದು ಲಕ್ಷಣ ಹೇಳಿದರೆ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮಾರನೇ ದಿನ ಮರೆಯುತ್ತಾರೆ. ಕಥೆಗಳನ್ನೇ ಹೇಳಿ ಕಲಿಸೋಣ ಎಂದುಕೊಂಡೆ. ಜೊತೆಯ ಮೇಷ್ಟ್ರೊಬ್ಬರು, ‘ಮೀಸೆ ಚಿಗುರುತ್ತಿರುವ ಹುಡುಗರಿಗೆ ಅಡುಗೂಲಜ್ಜಿ ಕಥೆ ಹೇಳಿದರೆ ನಗುತ್ತಾರೆ’ ಎಂದರು. ಯಾವ ಕಥೆಯಿಂದ ಶುರು ಮಾಡಲಿ? ಕೊನೆಗೆ ಕಥೆಯ ನೀತಿ ಹೇಳಿಸಬೇಕೇ? ಇದರಿಂದ ಪರೀಕ್ಷೆಗೆ ಉಪಯೋಗ ಇದೆಯೇ?”

ಸಂಪಾದಕರ ಉತ್ತರ

ಮೇಡಂ,

ನಗುತ್ತಾರೆ. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. “ಒಂದಾನೊಂದು ಊರಿನಲ್ಲಿ ಒಬ್ಬ ರಾಜ” ಎಂದ ಕೂಡಲೇ ಹಿಂದಿನ ಬೆಂಚಿನಿಂದ ಕಿಸಕ್ ಅಂತ ಸದ್ದು ಬರುತ್ತದೆ. ಅಜ್ಜಿ ಕಥೆ ಹೇಳುವುದೆಂದರೆ ತಮ್ಮನ್ನು ಮತ್ತೆ ಒಂದನೇ ಕ್ಲಾಸಿಗೆ ಕೂರಿಸಿದ ಹಾಗೆ ಅಂತ ಆ ವಯಸ್ಸಿಗೆ ಅನ್ನಿಸುತ್ತದೆ. ಆದರೆ ಇದೇ ಹುಡುಗರು ಹಾಸ್ಟೆಲಿನಲ್ಲಿ ಕರೆಂಟು ಹೋದ ತಕ್ಷಣ ಏನು ಮಾಡುತ್ತಾರೆ? ದೆವ್ವದ ಕಥೆ ಹೇಳುತ್ತಾರೆ. ಘಾಟಿ ತಿರುವಿನಲ್ಲಿ ಲಿಫ್ಟ್ ಕೇಳಿದ ಬಿಳಿ ಸೀರೆಯ ಹೆಂಗಸಿನ ಕಥೆ ಅವರಲ್ಲಿ ಯಾರಿಗೆ ಗೊತ್ತಿಲ್ಲ?

ಅಲ್ಲಿಂದಲೇ ಶುರು ಮಾಡಿ. 1990ರ ದಶಕದಲ್ಲಿ ಬಾಗಿಲ ಮೇಲೆ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ “ನಾಳೆ ಬಾ” ಎಂದು ಬರೆಯುತ್ತಿದ್ದದ್ದು ನಿಮಗೂ ನೆನಪಿರಬಹುದು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬರಹ ಓದಿ ವಾಪಸ್ಸು ಹೋಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ. ಈ ಕಥೆಯನ್ನು ಮಕ್ಕಳ ಕೈಲೇ ಹೇಳಿಸಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಇದು ಯಾರಿಗೆ ಆಗಿದ್ದು? ಹೇಳುತ್ತಿರುವವನಿಗೆ ಅಂತೂ ಅಲ್ಲ. “ನಮ್ಮ ದೊಡ್ಡಮ್ಮನ ಪಕ್ಕದ ಮನೆಯವರಿಗೆ ಮಿಸ್.” ಯಾವಾಗಲೂ ಪಕ್ಕದ ಮನೆಯೇ. ತನಗೇ ಆಯಿತು ಎಂದರೆ ಯಾರೂ ನಂಬುವುದಿಲ್ಲ. ಯಾರಿಗೋ ಎಲ್ಲೋ ಆಯಿತು ಎಂದರೆ ಯಾರೂ ಹೆದರುವುದಿಲ್ಲ. ಇದನ್ನು ಕಂಡುಕೊಂಡ ಹುಡುಗನಿಗೆ ಐತಿಹ್ಯದ (ನಿಜವಾಗಿ ನಡೆದದ್ದು ಎಂದು ಜನ ಹೇಳಿಕೊಂಡು ಬಂದ ಕಥೆಯ) ಅರ್ಧ ಲಕ್ಷಣ ಗೊತ್ತಾದ ಹಾಗೆ. ಆ ಶಬ್ದ ಅವನು ಇನ್ನೂ ಕೇಳಿರುವುದಿಲ್ಲ ಅಷ್ಟೇ.

ಪ್ರಕಾರ ಎಂದರೆ ಹೇಳುವವರಿಗೂ ಕೇಳುವವರಿಗೂ ನಡುವೆ ಇರುವ ಒಂದು ಕರಾರು. ಏನನ್ನು ನಂಬಬೇಕು, ಏನನ್ನು ಕೇಳಬಾರದು ಎಂಬ ಕರಾರು. ಏಳು ಸಮುದ್ರದ ಆಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣ ಇದೆ ಎಂದಾಗ ಯಾವ ಮಗುವೂ “ಯಾವ ಸಮುದ್ರ?” ಎಂದು ಕೇಳುವುದಿಲ್ಲ. ಹ್ಞೂಂಗುಟ್ಟುತ್ತದೆ. ಆ ಹ್ಞೂಂ ಬರದಿದ್ದರೆ ಅಜ್ಜಿ ಕಥೆ ನಿಲ್ಲಿಸುತ್ತಾಳೆ. ಅದೇ ಅಜ್ಜಿ “ಆ ಗುಡ್ಡದ ಮೇಲಿನ ಕಲ್ಲಿದೆಯಲ್ಲ” ಎಂದು ಶುರು ಮಾಡಿದರೆ ಕರಾರು ಬದಲಾಯಿತು. ಈಗ ಕಲ್ಲು ಇರಲೇಬೇಕು. ಹೋಗಿ ನೋಡಿದರೆ ಸಿಗಬೇಕು. ಇಷ್ಟನ್ನು ಮಕ್ಕಳು ತಾವೇ ಕಂಡುಕೊಂಡರೆ ಉಳಿದ ಲಕ್ಷಣಗಳನ್ನು ನೀವು ಹತ್ತು ನಿಮಿಷದಲ್ಲಿ ಬರೆಸಬಹುದು.

ನಿಮ್ಮ ಮಕ್ಕಳಿಗೆಲ್ಲ ಗೊತ್ತಿರುವ ಕಲ್ಲೊಂದು ಹಾಸನದಲ್ಲೇ ಇದೆ. ಹಾಸನಾಂಬೆಯ ಗುಡಿ. ಆಶ್ವಯುಜದಲ್ಲಿ ಬಾಗಿಲು ತೆಗೆದು ಬಲಿಪಾಡ್ಯಮಿ ಕಳೆದಮೇಲೆ ಮುಚ್ಚುತ್ತಾರೆ. ಕ್ಯೂನಲ್ಲಿ ನಿಂತು ದರ್ಶನ ಮಾಡಿ ಬಂದವರು ನಿಮ್ಮ ಕ್ಲಾಸಿನಲ್ಲಿ ಖಂಡಿತ ಇರುತ್ತಾರೆ. ಅವರ ಬಾಯಲ್ಲೇ ಕಥೆ ಕೇಳಿ. ಒಬ್ಬಳು ಸೊಸೆ ದಿನಾ ದೇವಿಯ ದರ್ಶನಕ್ಕೆ ಬರುತ್ತಿದ್ದಳು. ಅತ್ತೆಗೆ ಕೋಪ. ಮನೆಗೆಲಸಕ್ಕಿಂತ ನಿನಗೆ ಗುಡಿಯೇ ಹೆಚ್ಚಾಯಿತಾ ಎಂದು ಬೆನ್ನಟ್ಟಿ ಬಂದು ತಲೆಗೆ ಹೊಡೆದಳು. ಸೊಸೆ ನೋವಿನಲ್ಲಿ ಅಮ್ಮನನ್ನು ಕೂಗಿದಳು. ದೇವಿ ಅವಳನ್ನು ತನ್ನೆದುರೇ ಕಲ್ಲು ಮಾಡಿ ಉಳಿಸಿಕೊಂಡಳು. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆ. ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ.

ಒಂದು ಎಚ್ಚರ. ಕಲ್ಲು ನಿಜವಾಗಿಯೂ ಸರಿಯುತ್ತದೆಯೇ ಎಂಬ ಚರ್ಚೆಗೆ ಕ್ಲಾಸನ್ನು ಬಿಡಬೇಡಿ. ಅರ್ಧ ಮಕ್ಕಳಿಗೆ ಬೇಜಾರಾಗುತ್ತದೆ, ಉಳಿದರ್ಧ ಮಕ್ಕಳು ಜಗಳಕ್ಕೆ ನಿಲ್ಲುತ್ತಾರೆ, ಸಾಹಿತ್ಯ ಬಾಗಿಲಾಚೆ ಹೋಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ. ಆ ಸೊಸೆಯ ಹೆಸರೇನು?

ಯಾರಿಗೂ ಗೊತ್ತಿರುವುದಿಲ್ಲ. ಕಥೆಯಲ್ಲೇ ಇಲ್ಲ. ಅವಳ ಗಂಡ ಆ ಹೊತ್ತಿಗೆ ಎಲ್ಲಿದ್ದ? ಒಲೆಯ ಮೇಲೆ ಏನಿಟ್ಟು ಬಂದಿದ್ದಳು? ದಿನಾ ಬಂದು ದೇವಿಯ ಹತ್ತಿರ ಏನು ಕೇಳುತ್ತಿದ್ದಳು? ಕಲ್ಲಾಗುವುದು ಅವಳಿಗೆ ಬೇಕಿತ್ತಾ? ಐತಿಹ್ಯ ಇದ್ಯಾವುದನ್ನೂ ಹೇಳುವುದಿಲ್ಲ. ಅದರ ಕಣ್ಣು ಕಲ್ಲಿನ ಮೇಲೆ, ದೇವಿಯ ಮೇಲೆ. ಈ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದು, “ಒಂದನ್ನು ಆರಿಸಿಕೊಂಡು ಒಂದು ಪುಟ ಬರೆಯಿರಿ” ಎನ್ನಿ. ಗಂಡಸಿನ ಪಾತ್ರವೇ ಕಾಣುವುದಿಲ್ಲ ಎಂದು ಗೊಣಗುವ ಹುಡುಗರಿಗೆ ಗಂಡನ ಪ್ರಶ್ನೆ ಕೊಡಿ. ಅಂದು ಸಂಜೆ ಅವನು ಕೆಲಸ ಮುಗಿಸಿ ಮನೆಗೆ ಬಂದ. ಅಮ್ಮ ಬಾಗಿಲಲ್ಲಿ ಕೂತಿದ್ದಾಳೆ. ಒಲೆ ಆರಿದೆ. ಮುಂದೆ? ಹಾಗೆ ಬರೆಯುತ್ತಾ ಹೋದರೆ ಮಕ್ಕಳಿಗೇ ಗೊತ್ತಿಲ್ಲದ ಹಾಗೆ ಐತಿಹ್ಯ ಬಿಟ್ಟು ಸಣ್ಣಕಥೆಗೆ ಬಂದಿರುತ್ತಾರೆ. ಕಲ್ಲು ಹಿಂದೆ ಸರಿದು ಮನೆ ಮುಂದೆ ಬಂದಿರುತ್ತದೆ.

ಏನು ಕಳೆದುಹೋಯಿತು ಎಂದೂ ಕೇಳಿ. ಆ ಅಕ್ಕಿಕಾಳು. ಕಲಿಯುಗವನ್ನು ಅಕ್ಕಿಕಾಳಿನಲ್ಲಿ ಅಳೆಯುವ ಧೈರ್ಯ ಸಣ್ಣಕಥೆಗೆ ಇಲ್ಲ. ಜನಪದರಿಗೆ ಇದೆ. ಹೊಸ ಪ್ರಕಾರ ಮೇಲು, ಹಳೆಯದು ಕೀಳು ಎಂಬ ಭಾವನೆ ಮಕ್ಕಳಲ್ಲಿ ಬರಬಾರದು.

ಮನೆಯೊಳಗಿನ ಹೆಂಗಸರಿಗೆ ಹೆಸರಿಟ್ಟು ಕಥೆ ಬರೆದವರು ಅದೇ ಹಾಸನದಲ್ಲಿದ್ದಾರೆ. ಬಾನು ಮುಷ್ತಾಕ್. ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ ಅವರ ಹನ್ನೆರಡು ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಸಣ್ಣಕಥೆ ಎಂದರೆ ಕಾದಂಬರಿ ಬರೆಯಲು ಪುರುಸೊತ್ತಿಲ್ಲದವರು ಬರೆಯುವುದು ಎಂದುಕೊಂಡಿರುವ ಮಕ್ಕಳಿಗೆ (ದೊಡ್ಡವರಿಗೂ) ಇದನ್ನು ಹೇಳಿ. ‘ಎದೆಯ ಹಣತೆ’ಯಲ್ಲಿ ಗಂಡನ ಮನೆ ಬಿಟ್ಟು ಬಂದ ಮೆಹರುನ್‌ಳನ್ನು ತವರಿನವರೇ ವಾಪಸ್ಸು ಬಿಟ್ಟು ಬರುತ್ತಾರೆ. ಕಲ್ಲಾದ ಸೊಸೆಗೆ ದೇವಿಯಾದರೂ ಸಿಕ್ಕಳು, ಇವಳಿಗೆ? ಆದರೆ ಆ ಕಥೆಯ ಕೊನೆ ತುಂಬಾ ಭಾರ. ಒಂಬತ್ತನೇ ತರಗತಿಗೆ ಒಯ್ಯುವ ಮೊದಲು ನೀವು ಓದಿ, ನಿಮ್ಮ ಮಕ್ಕಳನ್ನು ನೆನೆಸಿಕೊಂಡು ತೀರ್ಮಾನ ಮಾಡಿ. ನಾನಾಗಿದ್ದರೆ ಪಿಯುಸಿಗೆ ಇಟ್ಟುಕೊಳ್ಳುತ್ತಿದ್ದೆ.

ಹಗುರವಾಗಿ ಶುರು ಮಾಡಲು ಮಾಸ್ತಿಯವರ ರಂಗಪ್ಪನ ಮದುವೆಯ ಕಥೆ ಸಾಕು. ಹೇಳುವವನು ಮೊದಲು ತನ್ನ ಹೊಸಹಳ್ಳಿಯನ್ನೇ ಹೊಗಳುತ್ತಾನೆ. ಇಂಥ ಊರು ಭೂಪಟದಲ್ಲೇ ಇಲ್ಲವಲ್ಲ ಎಂದು ಇಂಗ್ಲಿಷ್ ಸಾಹೇಬರ ಮೇಲೆ ರೇಗುತ್ತಾನೆ. ಅಲ್ಲಿನ ಮಾವಿನಕಾಯಿಯ ಹುಳಿಯನ್ನು ವರ್ಣಿಸುತ್ತಾನೆ. ಕಥೆ ಎಲ್ಲಿ ಹೋಯಿತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ಹೇಳಿ: ಐತಿಹ್ಯಕ್ಕೆ ಸಾಕ್ಷಿ ಹೊರಗಡೆ ಇರುತ್ತದೆ, ಸಣ್ಣಕಥೆ ಸಾಕ್ಷಿಯನ್ನು ತನ್ನೊಳಗೇ ಹುಟ್ಟಿಸಿಕೊಳ್ಳಬೇಕು. ಆ ಹುಳಿ ಮಾವಿನಕಾಯಿ ಕಚ್ಚಿದವರಿಗೆ ಹೊಸಹಳ್ಳಿ ಸುಳ್ಳು ಅನ್ನಿಸುವುದೇ ಇಲ್ಲ.

ಇನ್ನು ಬೇಲೂರು. ಶಾಲೆಯ ಪ್ರವಾಸ ಹೇಗೂ ಅಲ್ಲಿಗೇ ಹೋಗುತ್ತದೆ. ಜಕಣಾಚಾರಿ ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಎಂದು ಹುಡುಗನೊಬ್ಬ ಹೇಳಿದ, ಪರೀಕ್ಷಿಸಿದರೆ ಹೊಕ್ಕುಳಿನಲ್ಲಿ ಕಪ್ಪೆ ಸಿಕ್ಕಿತು, ಮಾತು ಕೊಟ್ಟಂತೆ ಶಿಲ್ಪಿ ತನ್ನ ಕೈ ಕಡಿದುಕೊಂಡ, ಆ ಹುಡುಗ ಡಂಕಣ ಅವನ ಮಗನೇ ಆಗಿದ್ದ. ಗೈಡುಗಳು ಕಪ್ಪೆ ಚೆನ್ನಿಗರಾಯನ ಗುಡಿಯ ಮುಂದೆ ನಿಲ್ಲಿಸಿ ಇದನ್ನು ಚೆನ್ನಾಗಿ ಹೇಳುತ್ತಾರೆ. ಚರಿತ್ರೆ ಬೇರೆ ದಾರಿಯಲ್ಲಿ ಹೋಗುತ್ತದೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಆ ದೇವಾಲಯದ ವಿಗ್ರಹಗಳ ಕೆಳಗೆ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಅವುಗಳಲ್ಲಿ ಜಕಣಾಚಾರಿ ಇಲ್ಲ. ಆದರೆ ಬಳ್ಳಿಗಾವೆಯ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ. ಅಪ್ಪ ಮಗ ಇಬ್ಬರೂ ಒಂದೇ ಗುಡಿಯಲ್ಲಿ ಕೆಲಸ ಮಾಡಿದ್ದು ನಿಜ. ಜಗಳ ಆಗಿದ್ದು, ಕೈ ಹೋಗಿದ್ದು ಜನರ ಮನಸ್ಸಿನಲ್ಲಿ. ಎರಡನ್ನೂ ಒಂದೇ ಜಾಗದಲ್ಲಿ ನಿಂತು ಹೇಳಿ. ಶಾಸನ ಯಾಕೆ ಅಷ್ಟು ಸಪ್ಪೆ, ಕಥೆ ಯಾಕೆ ಅಷ್ಟು ಖಾರ ಎಂದು ಬಸ್ಸಿನಲ್ಲಿ ಮಾತಾಡಿಕೊಳ್ಳಲಿ. ಚಿಕ್ಕಮಗಳೂರಿನ ಕಡೆ ಹೋದರೆ ಬಾಬಾ ಬುಡನ್ ತಂದರು ಎನ್ನುವ ಕಾಫಿ ಬೀಜಗಳಿವೆ. ಏಳೇ ಬೀಜ. ಏಳು ಸಮುದ್ರ, ಏಳು ಮಲ್ಲಿಗೆ ತೂಕದ ರಾಜಕುಮಾರಿಯ ಪಕ್ಕದಲ್ಲಿ ಈ ಏಳನ್ನೂ ಇಟ್ಟು ನೋಡಲು ಹೇಳಿ. ಕಾಫಿ ತೋಟದ ಮಕ್ಕಳಿಗೆ ಬೇರೆ ವಿವರಣೆ ಬೇಡ.

ಒಂದೇ ವಸ್ತು ಪ್ರಕಾರ ಬದಲಿಸಿದರೆ ಏನಾಗುತ್ತದೆ ಎಂದು ತೋರಿಸಲು ನನಗೆ ಅತ್ಯಂತ ಇಷ್ಟವಾದ ಜೋಡಿ ಹುಲಿಯದು. ಗೋವಿನ ಹಾಡಿನ ಹುಲಿ ಪುಣ್ಯಕೋಟಿಯ ಸತ್ಯಕ್ಕೆ ಸೋತು ಪ್ರಾಣ ಬಿಡುತ್ತದೆ. ಎ.ಎನ್. ಮೂರ್ತಿರಾಯರು ‘ವ್ಯಾಘ್ರಗೀತೆ’ ಎಂಬ ಹರಟೆಯಲ್ಲಿ ಅದೇ ವಂಶದ ಇನ್ನೊಂದು ಹುಲಿಯನ್ನು ತಂದು, ಖಿರ್ದಿ (ಲೆಕ್ಕದ) ಪುಸ್ತಕ ಹಿಡಿದ ಶಾನುಭೋಗರ ಹಿಂದೆ ಬಿಡುತ್ತಾರೆ. ಹತ್ತನೇ ತರಗತಿ ಪಠ್ಯದಲ್ಲಿ ಬಂದ ಪಾಠ ಅದು, ಹಳೆಯ ಪುಸ್ತಕ ನಿಮ್ಮ ಶಾಲೆಯ ಬೀರುವಿನಲ್ಲೇ ಇರಬಹುದು. ಮೊದಲನೆಯದನ್ನು ಹಾಡಿಸಿ, ಎರಡನೆಯದನ್ನು ಓದಿಸಿ. ಹಾಡಿನಲ್ಲಿ ಕಣ್ಣೀರು ತರಿಸಿದ ಧರ್ಮವೇ ಹರಟೆಯಲ್ಲಿ ನಗಿಸುತ್ತದೆ. ಇದಕ್ಕಿಂತ ಚೆನ್ನಾಗಿ ಯಾವ ಗೈಡೂ ಹೇಳಲಾರದು.

ನೀತಿಯ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಹೇಳಿಸಬೇಡಿ. ಪಂಚತಂತ್ರದಂಥ ನೀತಿಕಥೆ ಹುಟ್ಟಿದ್ದೇ ಅದಕ್ಕೆ, ಅಲ್ಲಿ ಕೇಳಿ. ಬೇರೆ ಕಡೆ ಬೇಡ. ನಮ್ಮ ಮಕ್ಕಳ ಪುಟಕ್ಕೆ ಬರುವ ಕಥೆಗಳಲ್ಲಿ ಬಹುಪಾಲು “ಆದ್ದರಿಂದ ನಾವು ದುರಾಸೆ ಪಡಬಾರದು” ಎಂದೇ ಮುಗಿಯುತ್ತವೆ, ಕಥೆಯಲ್ಲಿ ದುರಾಸೆ ಇರಲಿ ಬಿಡಲಿ. ಕಳೆದ ವರ್ಷ ಒಂದು ಕಥೆ ಬಂತು. ತೋಟದ ಲೈನ್ ಮನೆಯ (ಕೂಲಿ ಕೆಲಸದವರ ಸಾಲುಮನೆಯ) ಹುಡುಗ ಬರೆದದ್ದು. ರಾತ್ರಿ ಮನೆ ಹಿಂದಿನ ಬಾಳೆಗೆ ಆನೆ ಬಂದಿದೆ. ಅಪ್ಪ ಪಟಾಕಿ ಹುಡುಕುತ್ತಿದ್ದಾನೆ. ಅಜ್ಜಿ ಕಿಟಕಿಯ ಹತ್ತಿರ ನಿಂತು, “ಗಣಪ್ಪಾ, ತಿಂದಿದ್ದು ಸಾಕು, ಮಕ್ಕಳು ಮಲಗಿದಾವೆ, ಹೋಗಪ್ಪಾ” ಎಂದು ನೆಂಟರಿಗೆ ಹೇಳುವ ಹಾಗೆ ಹೇಳುತ್ತಾಳೆ. ಆನೆ ಸ್ವಲ್ಪ ಹೊತ್ತು ಸುಮ್ನೆ ನಿಂತಿತ್ತು. ಹುಡುಗ ಅಲ್ಲಿಗೇ ನಿಲ್ಲಿಸಿದ್ದ. ಕೆಳಗೆ ಕೆಂಪು ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ, “ನೀತಿ: ಕಾಡುಪ್ರಾಣಿಗಳನ್ನು ರಕ್ಷಿಸಬೇಕು” ಎಂದಿತ್ತು. ನಾವು ಕೆಂಪು ಸಾಲು ಬಿಟ್ಟು ಅಚ್ಚು ಹಾಕಿದೆವು.

ನಿಮ್ಮ ಕ್ಲಾಸಿನಲ್ಲೂ ಲೈನ್ ಮನೆಗಳಿಂದ ಬರುವವರು ಇರುತ್ತಾರೆ. ಮನೆಯಲ್ಲಿ ತಮಿಳು, ತುಳು, ಬ್ಯಾರಿ, ಉರ್ದು ಮಾತಾಡುವವರು. ಕನ್ನಡ ಪಾಠದಲ್ಲಿ ಬಾಯಿ ಬಿಡದ ಈ ಮಕ್ಕಳೇ ಇಲ್ಲಿ ನಿಮ್ಮ ಆಸ್ತಿ. ಅಜ್ಜಿ ಹೇಳಿದ ಕಥೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರಲಿ, ಕ್ಲಾಸಿಗೆ ಕನ್ನಡದಲ್ಲಿ ಹೇಳಲಿ. ಅದೇ ಕಥೆ ಇನ್ನೊಬ್ಬರ ಮನೆಯಲ್ಲಿ ಬೇರೆ ಭಾಷೆಯಲ್ಲಿ, ಬೇರೆ ಕೊನೆಯೊಂದಿಗೆ ಇದ್ದೇ ಇರುತ್ತದೆ. ಜನಪದ ಕಥೆಗೆ ಒಬ್ಬ ಕರ್ತೃ ಇಲ್ಲ, ಒಂದೇ ರೂಪವಿಲ್ಲ ಎಂದು ನೀವು ಬರೆಸುವ ಮೊದಲೇ ಅವರ ಕಿವಿಗೆ ಬಿದ್ದಿರುತ್ತದೆ.

ಯಾವ ಪ್ರಕಾರಕ್ಕೂ ಸರಿಯಾಗಿ ಕೂರದ ಬರಹಗಳೂ ಬರುತ್ತವೆ. ಗಾಬರಿ ಬೇಡ. ಗೊರೂರರ ‘ಹಳ್ಳಿಯ ಚಿತ್ರಗಳು’ ಕಥೆಯೋ ಪ್ರಬಂಧವೋ? ಮೂಡಿಗೆರೆಯ ತೋಟದಲ್ಲಿ ಕೂತು ತೇಜಸ್ವಿ ಬರೆದ ‘ಪರಿಸರದ ಕತೆ’ಯ ಹೆಸರಿನಲ್ಲೇ ಕತೆ ಇದೆ, ಒಳಗಿರುವ ಮಾರ, ಪ್ಯಾರ, ಕಿವಿ ಎಂಬ ನಾಯಿ ಎಲ್ಲರೂ ಅವರ ಜೊತೆ ಬಾಳಿದವರು. ಒಂದು ಪೀರಿಯಡ್ ಇದರ ಮೇಲೆ ಜಗಳವಾಡಿಸಿ. ತೀರ್ಪು ಕೊಡಬೇಡಿ.

ಪರೀಕ್ಷೆ. “ಐತಿಹ್ಯ ಎಂದರೇನು?” ಎಂಬ ಪ್ರಶ್ನೆಗೆ ಅಂಕ ಬೇಕಾದರೆ ವ್ಯಾಖ್ಯೆ ಬರೆಯಲೇಬೇಕು. ಬರೆಸಿ. ಆದರೆ ಕೊನೆಗೆ ಬರೆಸಿ. ಹಾಸನಾಂಬೆ, ಕಪ್ಪೆ, ನಾಳೆ ಬಾ ಎಲ್ಲ ಆದಮೇಲೆ ವ್ಯಾಖ್ಯೆಯನ್ನು ಮಕ್ಕಳೇ ಮೊದಲು ತಮ್ಮ ಮಾತಿನಲ್ಲಿ ಬರೆಯಲಿ. ನಿಮ್ಮ ನೋಟ್ಸಿನಲ್ಲಿ ಇರುವುದನ್ನು ಆಮೇಲೆ ಓದಿ ಹೇಳಿ. ಉದಾಹರಣೆ ಬರೆಯಿರಿ ಎಂದಾಗ ನಿಮ್ಮ ಮಕ್ಕಳ ಪೆನ್ನು ನಿಲ್ಲುವುದಿಲ್ಲ ಎಂಬುದು ನನ್ನ ನಂಬಿಕೆ.

ಕಲ್ಲಾದ ಸೊಸೆಯ ಬಗ್ಗೆ ಮಕ್ಕಳು ಬರೆದದ್ದನ್ನು ನಮಗೆ ಕಳಿಸಿ. ದೀಪಾವಳಿ ಸಂಚಿಕೆಯಲ್ಲಿ ನಾಲ್ಕು ಪುಟ ತೆಗೆದಿಡುತ್ತೇವೆ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಲಿ. ಮನೆಯವರಿಂದ ಕೇಳಿದ ಕಥೆಯಾದರೆ ಹೇಳಿದವರು ತಮಗೆ ಏನಾಗಬೇಕು, ಯಾವ ಊರು, ಮನೆಮಾತು ಯಾವುದು ಎಂದು ಕೆಳಗೆ ಸೇರಿಸಲಿ. ಕಾಗುಣಿತ ತಿದ್ದುವ ಕೆಲಸ ನಮ್ಮದು.

— ಸಂ.