ಎಡಗೈಗೆ ಮೊದಲು ಧೈರ್ಯ ಬರಲಿ

ಪ್ರಶ್ನೆ: ನಾನು ಬಾಗಲಕೋಟೆ ನವನಗರದಾಕಿ, ವಯಸ್ಸು 31. ಬೀಳಗಿ ಕಡೆ ಒಂದು ಹಳ್ಳ್ಯಾಗ ಪ್ರಾಥಮಿಕ ಶಾಲಿ ಟೀಚರ್ ಅದೀನಿ. ಬಸ್ಸು ಮುಂಜಾನಿ ಒಂದ, ಸಂಜಿಕ ಒಂದ. ತಪ್ಪಿತಂದ್ರ ಟಂಟಂನ್ಯಾಗ ಒತ್ತಿಕೊಂಡು ಹೋಗಬೇಕು. ಅಣ್ಣ ಮಿಲಿಟರ್‍ಯಾಗ ಅದಾನ, ಅವನ ಸ್ಪ್ಲೆಂಡರ್ ವರ್ಷದಿಂದ ಮನಿಮುಂದ ನಿಂತೈತಿ. ಸ್ಕೂಟಿ ತಗೋ ಅಂತಾರ, ಆದ್ರ ಆ ರಸ್ತಿ ಪೂರ್ತಿ ತೆಗ್ಗು. ಅದಕ್ಕ ಬೈಕ್ ಕಲಿಸೋ ಐದು ದಿನದ ತರಬೇತಿಗೆ ಹಣ ಕಟ್ಟೀನಿ. ಸೋಮವಾರ ಮುಂಜಾನಿ ಆರೂವರಿಗೆ ಶುರು. ಈಗ ನಾಲ್ಕು ದಿನದಿಂದ ನಿದ್ದಿ ಇಲ್ಲ. ಗಾಡಿ ಮೈಮ್ಯಾಲ ಬಿದ್ದಂಗ, ತಾನ ಓಡಿ ಗ್ವಾಡಿಗೆ ಹೊಡದಂಗ ಕನಸು. ಉಳಿದವರೆಲ್ಲ ಕಾಲೇಜ್ ಹುಡುಗರಂತ. ನಡುವ ಗಾಡಿ ಬಂದ್ ಬಿದ್ರ ನಗ್ತಾರ. ಅತ್ತಿಯವರು ‘ಇದೆಲ್ಲಾ ಯಾಕ ಬೇಕಾಗಿತ್ತು’ ಅಂತಾರ. ಸೈಕಲ್ ಬರ್ತದ, ಎಂಟನೇ ಇಯತ್ತೆಯೊಳಗ ಸರ್ಕಾರದವ್ರು ಕೊಟ್ಟಿದ್ದು ಹೊಡೀತಿದ್ದೆ. ಹಣ ವಾಪಸ್ ಕೇಳಿ ಬಿಟ್ಟುಬಿಡ್ಲಿ ಏನು?

ಉತ್ತರ: ಅಕ್ಕೋರೇ, ಹಣ ವಾಪಸ್ ಕೇಳಬೇಡಿ. ನಿಮ್ಮ ಪತ್ರದಲ್ಲಿ ಅಂಜಿಕೆ ಎರಡು ಬಗೆಯದಿದೆ. ಒಂದು ಗಾಡಿಯದು: ಮೈಮೇಲೆ ಬೀಳುವುದು, ತಾನೇ ಓಡುವುದು. ಇನ್ನೊಂದು ಜನರದು: ಹುಡುಗರ ನಗು, ಅತ್ತೆಯವರ ಮಾತು. ಗಾಡಿಯ ಅಂಜಿಕೆಗೆ ಕಾರಣ ಇದೆ, ಆದ್ದರಿಂದ ಮದ್ದೂ ಇದೆ. ಅದು ಇಳಿದರೆ ಜನರ ಅಂಜಿಕೆ ಮುಕ್ಕಾಲು ಪಾಲು ತಾನೇ ಇಳಿಯುತ್ತದೆ.

ನಿಮ್ಮ ಕನಸಿನಲ್ಲಿ ಗಾಡಿ ತಾನೇ ಓಡಿ ಗೋಡೆಗೆ ಹೊಡೆಯುತ್ತದೆ. ಎಚ್ಚರದಲ್ಲಿ ಅದು ಆಗಬೇಕಾದರೆ ನಿಮ್ಮ ಎಡಗೈ ಸುಮ್ಮನಿರಬೇಕು. ಎಡಗೈಯ ಕ್ಲಚ್ ಲಿವರ್ ಹಿಡಿಯುವುದೆಂದರೆ ಎಂಜಿನ್ನಿಗೂ ಹಿಂದಿನ ಗಾಲಿಗೂ ನಡುವಿನ ಬಾಗಿಲು ಹಾಕಿದಂತೆ. ಬಲಗೈ ಎಷ್ಟು ರೇಸ್ ಕೊಟ್ಟರೂ ಎಂಜಿನ್ ಬರೀ ಕೂಗುತ್ತದೆ, ಗಾಲಿಗೆ ಬಲ ಹೋಗುವುದಿಲ್ಲ. ಕಲಿಯುವವರು ಹೆದರುವುದು ಎಕ್ಸಲರೇಟರಿಗೆ, ಲಕ್ಷ್ಯ ಇಡುವುದೂ ಅದಕ್ಕೇ. ಮೊದಲ ದಿನ ನಿಮ್ಮ ಲಕ್ಷ್ಯವೆಲ್ಲ ಎಡಗೈ ಮೇಲಿರಲಿ. ಏನೇ ಗೊಂದಲವಾದರೂ ಮೊದಲು ಎಡಗೈ ಪೂರ್ತಿ ಒಳಗೆ, ಆಮೇಲೆ ಬಲಗಾಲು ಬ್ರೇಕಿನ ಮೇಲೆ. ಇದನ್ನು ಮಕ್ಕಳಿಗೆ ಮಗ್ಗಿ ಹೇಳಿಸಿದ ಹಾಗೆ ನಿಮಗೆ ನೀವೇ ಹೇಳಿಸಿಕೊಳ್ಳಿ.

ಗಾಡಿ ನಿಜಕ್ಕೂ ಕೈ ಮೀರಿ ಹಾರುವ ಒಂದು ಸಂದರ್ಭ ಇದೆ, ಅದನ್ನು ತಿಳಿದುಕೊಂಡೇ ಹೋಗಿ. ಕ್ಲಚ್ ಗಪ್ಪನೆ ಬಿಟ್ಟಾಗ ಗಾಡಿ ಮುಂದಕ್ಕೆ ಜಿಗಿಯುತ್ತದೆ, ಸವಾರ ಹಿಂದಕ್ಕೆ ಜಗ್ಗಿ ಹೋಗುತ್ತಾನೆ. ಬೀಳಬಾರದೆಂದು ಹ್ಯಾಂಡಲ್ ಬಿಗಿ ಹಿಡಿಯುತ್ತಾನೆ. ಮೈ ಹಿಂದೆ ಹೋದಂತೆ ಬಲ ಮಣಿಕಟ್ಟು ಕೆಳಗಿಳಿದು ಎಕ್ಸಲರೇಟರ್ ಇನ್ನಷ್ಟು ತಿರುಗುತ್ತದೆ, ಗಾಡಿ ಇನ್ನಷ್ಟು ಹಾರುತ್ತದೆ. ಹೊಸಬರು ಗೋಡೆಗೆ ಹೊಡೆಯುವುದು ಹೆಚ್ಚಾಗಿ ಹೀಗೇ. ಇದಕ್ಕೆ ಮುಂಜಾಗ್ರತೆ ಕೂರುವ ರೀತಿಯಲ್ಲಿದೆ. ಟ್ಯಾಂಕಿಗೆ ಹತ್ತಿರ ಕುಳಿತು ಎರಡೂ ಮೊಣಕಾಲಿನಿಂದ ಟ್ಯಾಂಕನ್ನು ಅವಚಿಕೊಳ್ಳಿ. ಮೊಣಕೈ ಸ್ವಲ್ಪ ಮಡಚಿರಲಿ. ಮೈಯನ್ನು ಕಾಲು ಹಿಡಿದಿದ್ದರೆ ಕೈ ಹಗುರಾಗಿ ಉಳಿಯುತ್ತದೆ. ಬಲ ಮಣಿಕಟ್ಟು ಮುಂಗೈಗೆ ಸಮನಾಗಿರಲಿ, ಜೋತುಬೀಳದಿರಲಿ.

ಇನ್ನು ಗಾಡಿ ಬಂದ್ ಬೀಳುವ ವಿಷಯ. ನಿಂತ ಗಾಡಿಯಲ್ಲಿ ಎಂಜಿನ್ ನಿಮಿಷಕ್ಕೆ ಸಾವಿರಕ್ಕೂ ಮೀರಿ ಸುತ್ತು ಹಾಕುತ್ತಿರುತ್ತದೆ, ಗಾಲಿ ಅಲುಗಾಡದೆ ನಿಂತಿರುತ್ತದೆ. ಇವೆರಡನ್ನೂ ಒಮ್ಮೆಲೇ ಕಟ್ಟಿದರೆ ನಿಂತ ಗಾಲಿ ಎಂಜಿನ್ನನ್ನೂ ನಿಲ್ಲಿಸಿಬಿಡುತ್ತದೆ. ಆದ್ದರಿಂದ ನಡುವಿನ ಕ್ಲಚ್ ಪ್ಲೇಟುಗಳು ಸ್ವಲ್ಪ ಹೊತ್ತು ಜಾರುತ್ತ ಜಾರುತ್ತ ಕೂಡಬೇಕು. ಅದೇ ಹಾಫ್ ಕ್ಲಚ್. ಲಿವರ್ ಬಿಡುತ್ತ ಬಂದಾಗ ಮೊದಲು ಏನೂ ಆಗುವುದಿಲ್ಲ. ಒಂದು ಜಾಗಕ್ಕೆ ಬಂದಾಗ ಎಂಜಿನ್ ಸದ್ದು ಒಂದು ಗುಕ್ಕು ತಗ್ಗಿ ದಪ್ಪವಾಗುತ್ತದೆ, ಸೀಟಿನ ಕೆಳಗೆ ಯಾರೋ ಮೆಲ್ಲಗೆ ನೂಕಿದಂತಾಗುತ್ತದೆ. ಅಲ್ಲಿ ಬೆರಳು ನಿಲ್ಲಿಸಬೇಕು, ಉಸಿರು ಬಿಡುವಷ್ಟು ಹೊತ್ತು ಹಿಡಿದಿರಬೇಕು, ಗಾಡಿ ಉರುಳಿದ ಮೇಲೆ ಉಳಿದದ್ದನ್ನು ಬಿಡಬೇಕು. ಆ ಜಾಗ ಒಂದೊಂದು ಗಾಡಿಯಲ್ಲಿ ಒಂದೊಂದು ಕಡೆ ಇರುತ್ತದೆ. ತಂತಿ ಸಡಿಲಿದ್ದರೆ ಹ್ಯಾಂಡಲಿಗೆ ಹತ್ತಿರ, ಬಿಗಿ ಇದ್ದರೆ ದೂರ. ವರ್ಷಗಟ್ಟಲೆ ಓಡಿಸಿದವರೂ ಬೇರೆಯವರ ಗಾಡಿ ಹತ್ತಿದರೆ ಒಂದೆರಡು ಸಲ ಬಂದ್ ಬೀಳಿಸುವುದು ಇದಕ್ಕೇ.

ಸೋಮವಾರ ತರಬೇತುದಾರರು ಹೇಳದಿದ್ದರೂ ಈ ಅಭ್ಯಾಸವನ್ನು ಕೇಳಿ ಮಾಡಿಸಿಕೊಳ್ಳಿ. ಸಮತಟ್ಟಾದ ಜಾಗ, ಎಂಜಿನ್ ಚಾಲು, ಒಂದನೇ ಗೇರು, ಎರಡೂ ಕಾಲು ನೆಲದ ಮೇಲೆ, ಬಲಗೈ ರೇಸ್ ಮುಟ್ಟುವಂತಿಲ್ಲ. ಕ್ಲಚ್ ನಿಧಾನ ಬಿಡಿ. ಗಾಡಿ ಅರ್ಧ ಅಡಿ ಮುಂದೆ ಹೋಗುವಷ್ಟರಲ್ಲಿ ಮತ್ತೆ ಹಿಡಿಯಿರಿ. ಹೀಗೆ 20 ಸಲ. ರೇಸ್ ಕೊಡದೆಯೂ, ಕ್ಲಚ್ ನಿಧಾನ ಬಿಟ್ಟರೆ ಗಾಡಿ ಸಮತಟ್ಟಿನಲ್ಲಿ ನಡೆಯುವ ವೇಗದಲ್ಲಿ ತಾನೇ ಹೋಗುತ್ತದೆ ಎಂದು ನಿಮ್ಮ ಕೈಗೆ ಗೊತ್ತಾಗುತ್ತದೆ, ಬೇಡವೆಂದಾಗ ನಿಲ್ಲುತ್ತದೆ ಎಂಬುದೂ ಗೊತ್ತಾಗುತ್ತದೆ. ಆಮೇಲೆ ಕಾಲನ್ನು ನೆಲಕ್ಕೆ ತಾಗಿಸುತ್ತ ಹತ್ತಿಪ್ಪತ್ತು ಅಡಿ, ಆಮೇಲೆ ಕಾಲು ಎತ್ತಿ. ರೇಸ್ ಕೊನೆಗೆ, ಅದೂ ಜೋಳದ ಕಾಳಿನಷ್ಟು. ಹಾಫ್ ಕ್ಲಚ್‌ನಲ್ಲಿ ಬಹಳ ಹೊತ್ತು ಆಡಿಸಿದರೆ ಪ್ಲೇಟು ಕಾದು ಸುಟ್ಟ ವಾಸನೆ ಬರುತ್ತದೆ. ಐದು ನಿಮಿಷ ಬಂದ್ ಮಾಡಿ ನಿಲ್ಲಿಸಿ, ನಿಮ್ಮ ಎಡ ಮುಂಗೈಗೂ ಆ ವಿಶ್ರಾಂತಿ ಬೇಕಾಗಿರುತ್ತದೆ. ಮೊದಲ ದಿನ ಮುಂಗೈ ನೋಯುವುದು ಸಹಜ.

ನಡುವೆ ಬಂದ್ ಬಿದ್ದರೆ ಕ್ಲಚ್ ಹಿಡಿಯಿರಿ, ಬ್ರೇಕ್ ಹಿಡಿಯಿರಿ, ಎಡಗಾಲು ನೆಲಕ್ಕೆ. ನ್ಯೂಟ್ರಲ್‌ಗೆ ತಂದು ಹಸಿರು ದೀಪ ನೋಡಿ, ಚಾಲು ಮಾಡಿ. ನಗುವ ಹುಡುಗರಿಗೂ ಆ ಮೈದಾನದಲ್ಲಿ ಬಂದ್ ಬೀಳುವುದು ತಪ್ಪುವುದಿಲ್ಲ. ಕ್ಲಚ್‌ಗೆ ಹುಡುಗ, ಹೆಂಗಸು ಎಂಬ ಭೇದ ಗೊತ್ತಿಲ್ಲ.

ಮೈಮೇಲೆ ಬೀಳುವ ಅಂಜಿಕೆಗೆ ಬರೋಣ. ಸ್ಪ್ಲೆಂಡರ್ ತೂಕ ಸುಮಾರು 112 ಕೆ.ಜಿ., ಸೀಟಿನ ಎತ್ತರ 785 ಮಿಲಿಮೀಟರ್. ಓಡಿಸುವಾಗ ಇಷ್ಟು ತೂಕವನ್ನು ನೀವು ಎತ್ತಬೇಕಾಗಿಲ್ಲ, ನೆಟ್ಟಗೆ ಇಟ್ಟುಕೊಳ್ಳುವುದಷ್ಟೇ ಕೆಲಸ. ಕಲಿಯುವವರ ಗಾಡಿ ಬೀಳುವುದು ಓಡುವಾಗ ಕಡಿಮೆ, ನಿಲ್ಲುವ ಕೊನೆಯ ಒಂದು ಮಾರು ದೂರದಲ್ಲಿ ಹೆಚ್ಚು. ಹ್ಯಾಂಡಲ್ ಒಂದು ಕಡೆ ತಿರುಗಿರುವಾಗ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಮುಂದಿನ ಗಾಲಿ ಅಲ್ಲೇ ನಿಂತು, ಗಾಡಿಯ ಭಾರವೆಲ್ಲ ತಿರುಗಿದ ಕಡೆಗೆ ವಾಲುತ್ತದೆ. ನಡೆಯುವ ವೇಗದಲ್ಲಿ, ತಿರುವಿನಲ್ಲಿ, ಬಲಗಾಲಿನ ಹಿಂದಿನ ಬ್ರೇಕ್ ಸಾಕು. ನಿಲ್ಲುವ ಮುಂಚೆ ಹ್ಯಾಂಡಲ್ ನೇರ ಮಾಡಿ. ವೇಗವಾಗಿ ಹೋಗುವಾಗ ಮಾತ್ರ ಇದು ತಿರುವುಮುರುವು. ನೇರ ದಾರಿಯಲ್ಲಿ ಗಾಡಿ ನಿಲ್ಲಿಸುವ ಹೆಚ್ಚಿನ ಬಲ ಮುಂದಿನ ಬ್ರೇಕಿನಲ್ಲೇ ಇರುವುದು. ಅದನ್ನು ನಿಂಬೆಹಣ್ಣು ಹಿಂಡಿದ ಹಾಗೆ ಸ್ವಲ್ಪ ಸ್ವಲ್ಪವಾಗಿ ಹಿಡಿಯಬೇಕು. ‘ಮುಂದಿನ ಬ್ರೇಕ್ ಮುಟ್ಟಬ್ಯಾಡ, ಪಲ್ಟಿ ಆಗ್ತದ’ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಅದನ್ನು ನಂಬಿದವರು ಬೇಕಾದಾಗ ನಿಲ್ಲಿಸಲಾರರು.

ಕಣ್ಣು ಗಾಲಿಯ ಮೇಲಿದ್ದರೆ ಗಾಡಿ ಓಲಾಡುತ್ತದೆ. ಹೋಗಬೇಕಾದ ಕಡೆ ದೂರ ನೋಡಿ. ಕಲ್ಲು ನೋಡಿದರೆ ಕಲ್ಲಿಗೇ ಹೋಗುತ್ತೀರಿ. ಇದನ್ನು ಸೈಕಲ್ ನಿಮಗೆ ಆಗಲೇ ಕಲಿಸಿದೆ.

ಅಷ್ಟಾಗಿಯೂ ಗಾಡಿ ವಾಲಿ ಕೈ ಮೀರಿತೆಂದರೆ ತಡೆಯಲು ಹೋಗಬೇಡಿ. ಬಿಟ್ಟು ಪಕ್ಕಕ್ಕೆ ಸರಿಯಿರಿ. ಲಿವರ್ ಮುರಿದರೆ ಹೊಸದು ಹಾಕಿಸಬಹುದು, ಸೈಲೆನ್ಸರ್ ಕೆಳಗೆ ಸಿಕ್ಕ ಮೀನಖಂಡ ಸುಟ್ಟರೆ ತಿಂಗಳುಗಟ್ಟಲೆ ಕಾಡುತ್ತದೆ. ಎತ್ತುವಾಗ ಮೊದಲು ಚಾವಿ ಬಂದ್, ಸಾಧ್ಯವಿದ್ದರೆ ಗೇರಿನಲ್ಲಿರಲಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಇಳಿಸಿಡಿ. ಗಾಡಿಗೆ ಬೆನ್ನು ಮಾಡಿ ಸೀಟಿಗೆ ಒರಗಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ. ಬೆನ್ನು ಬಗ್ಗಿಸದೆ ಕಾಲಿನ ಬಲದಲ್ಲಿ ಸಣ್ಣ ಸಣ್ಣ ಹೆಜ್ಜೆ ಹಿಂದೆ ಇಡುತ್ತ ನೂಕಿದರೆ ಏಳುತ್ತದೆ. ಇದನ್ನೂ ತರಬೇತಿಯಲ್ಲಿ ಒಮ್ಮೆ ಮಾಡಿ ತೋರಿಸಲು ಕೇಳಿ. ಬಿದ್ದ ಗಾಡಿ ಎತ್ತಲು ಬರುತ್ತದೆ ಎಂದು ಗೊತ್ತಾದ ದಿನ ಬೀಳುವ ಅಂಜಿಕೆ ಅರ್ಧ ಹೋಗುತ್ತದೆ.

ಸೋಮವಾರದೊಳಗೆ ಮನೆಯಲ್ಲಿ ಅಣ್ಣನ ಗಾಡಿಯ ಜೊತೆ ದಿನಕ್ಕೆ ಕಾಲು ಗಂಟೆ ಇರಿ. ಎಂಜಿನ್ ಹಚ್ಚಬೇಡಿ. ವರ್ಷ ನಿಂತ ಗಾಡಿಯ ಹವಾ ಇಳಿದಿರುತ್ತದೆ, ಕ್ಲಚ್ ತಂತಿ ಬಿಗಿದಿರುತ್ತದೆ, ಬ್ಯಾಟರಿ ಸತ್ತಿರಬಹುದು, ಪೆಟ್ರೋಲ್ ಹಳಸಿರುತ್ತದೆ. ಅದನ್ನು ಗ್ಯಾರೇಜಿನಲ್ಲಿ ತೋರಿಸದೆ ಓಡಿಸುವ ಮಾತೇ ಬೇಡ. ಡಬಲ್ ಸ್ಟ್ಯಾಂಡ್ ಹಾಕಿಸಿ ಹತ್ತಿ ಕುಳಿತು ಕಣ್ಣು ಮುಚ್ಚಿ ಹಾರ್ನ್, ಇಂಡಿಕೇಟರ್, ಎರಡೂ ಲಿವರ್, ಬ್ರೇಕ್ ಪೆಡಲ್ ಹುಡುಕಿ. ಸ್ಟ್ಯಾಂಡ್ ತೆಗೆದು ಎಡಕ್ಕೆ ನಿಂತು, ಟ್ಯಾಂಕನ್ನು ಸೊಂಟಕ್ಕೆ ಆನಿಸಿಕೊಂಡು ಅಂಗಳದಲ್ಲಿ ಹತ್ತು ಹೆಜ್ಜೆ ನೂಕಿ. ಮೊದಲ ಸಲ ಗಾಡಿಯ ಆಚೆ ಬದಿಗೆ ಒಬ್ಬರು ನಿಂತಿರಲಿ. ಒಂದು ಎಚ್ಚರಿಕೆ: ಸ್ಪ್ಲೆಂಡರ್‌ನಂಥ ನಾಲ್ಕು ಗೇರಿನ ಹಲವು ಗಾಡಿಗಳಲ್ಲಿ ಎಲ್ಲ ಗೇರೂ ಮುಂಗಾಲಿನಿಂದ ಕೆಳಕ್ಕೆ ಒತ್ತುತ್ತ ಹೋಗಬೇಕು. ಐದು ಗೇರಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಒಂದನೆಯದು ಕೆಳಗೆ, ಉಳಿದವು ಮೇಲೆ. ತರಬೇತಿಯ ಗಾಡಿ ಯಾವುದೆಂದು ಮೊದಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಅಲ್ಲಿ ಕಲಿತ ಕಾಲು ಮನೆಯಲ್ಲಿ ತಪ್ಪು ಮಾಡುತ್ತದೆ.

ತರಬೇತುದಾರರಿಗೆ ಮೊದಲ ನಿಮಿಷದಲ್ಲೇ ಹೇಳಿಬಿಡಿ: ‘ಸರ್, ನನಗ ಗಾಡಿ ಬಿದ್ದೀತು ಅಂತ ಅಂಜಿಕಿ ಅದ. ಒಂದೊಂದ ಮಾಡಿ ತೋರಸ್ರಿ, ಒಮ್ಮೆಗೇ ಎಲ್ಲಾ ಹೇಳಬ್ಯಾಡ್ರಿ.’ ಹಿಂದೆ ಕುಳಿತು ಕಲಿಸುತ್ತೇನೆ ಎಂದರೆ, ಅದು ನಿಮಗೆ ಮುಜುಗರವಾದರೆ, ಬೇಡವೆನ್ನುವ ಹಕ್ಕು ನಿಮಗಿದೆ. ಮೈದಾನದಲ್ಲಿ ಪಕ್ಕದಲ್ಲಿ ನಡೆಯುತ್ತ ಕಲಿಸುವುದೇ ಮೇಲು. ಹಿಂದೆ ಕುಳಿತವರು ತಾವೇ ಹ್ಯಾಂಡಲ್ ಹಿಡಿದರೆ ನಿಮ್ಮ ಕೈ ಏನೂ ಕಲಿಯುವುದಿಲ್ಲ. ಒದರುವವರಿದ್ದರೆ ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಎಂಜಿನ್ ಬಂದ್ ಮಾಡಿ, ಆಮೇಲೆ ಮಾತು ಕೇಳಿ. ಓಡಿಸುತ್ತ ಬೈಸಿಕೊಳ್ಳಬೇಡಿ. ಐದು ದಿನದಲ್ಲಿ ಬಾರದಿದ್ದರೆ ಆರನೆಯ ದಿನ ಕೇಳಿ. ಸತತ ಹತ್ತು ಸಲ ಬಂದ್ ಬೀಳಿಸದೆ ಹೊರಡುವುದು, ಎಳೆದ ಗೆರೆಯ ಮೇಲೆ ನಿಲ್ಲಿಸುವುದು, ಎಂಟರ ಆಕಾರದಲ್ಲಿ ಕಾಲೂರದೆ ಸುತ್ತುವುದು, ಈ ಮೂರೂ ಬರುವ ತನಕ ರಸ್ತೆಗೆ ಇಳಿಯುವುದು ಬೇಡ.

ಲರ್ನರ್ ಲೈಸೆನ್ಸ್ ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ, ಗೇರ್ ಇರುವ ಬೈಕಿನ ವರ್ಗಕ್ಕೇ ಹಾಕಿ. ಅದು ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಮುಂದೆ ಹಿಂದೆ ಬಿಳಿ ಹಲಗೆ ಮೇಲೆ ಕೆಂಪು ‘ಎಲ್’ ಇರಬೇಕು. ಕಲಿಸುವ ಲೈಸೆನ್ಸುದಾರರನ್ನು ಬಿಟ್ಟು ಯಾರನ್ನೂ ಹಿಂದೆ ಕೂರಿಸುವಂತಿಲ್ಲ.

ರಸ್ತೆಗೆ ಇಳಿಯಲು ನಿಮಗೆ ಒಳ್ಳೆಯ ಊರೇ ಸಿಕ್ಕಿದೆ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಭಾಗ ಹೋದ ಮೇಲೆ ಕಟ್ಟಿದ ನವನಗರದಲ್ಲಿ ಸೆಕ್ಟರ್ ರಸ್ತೆಗಳು ಅಗಲ, ನೇರ. ಮುಂಜಾನೆ ಹೊತ್ತು ಖಾಲಿ. ಒಂದೆರಡು ವಾರ ಅಲ್ಲೇ ಇರಿ. ಬೀಳಗಿ ದಾರಿಗೆ ಮೊದಲ ಸಲ ರವಿವಾರ ಮುಂಜಾನೆ, ಇನ್ನೊಂದು ಗಾಡಿ ಜೊತೆಗಿಟ್ಟುಕೊಂಡು ಹೋಗಿ. ಅನಗವಾಡಿ ಸೇತುವೆಯ ಮೇಲೆ ನೀರಿನ ಕಡೆಯಿಂದ ಅಡ್ಡಗಾಳಿ ಬಂದರೆ ಹ್ಯಾಂಡಲ್ ಬಿಗಿ ಹಿಡಿಯಬೇಡಿ, ಟ್ಯಾಂಕನ್ನು ಅವಚಿ ವೇಗ ಇಳಿಸಿ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದೆ ಅಂಟಿಕೊಂಡು ಹೋಗಬೇಡಿ. ಸಂಜೆ ಎಷ್ಟೋ ಟ್ರೇಲರಿಗೆ ಹಿಂದೆ ದೀಪವೇ ಇರುವುದಿಲ್ಲ. ರಾಶಿಗೆಂದು ರಸ್ತೆ ಮೇಲೆ ಹರವಿದ ಜೋಳ, ತೊಗರಿ, ಕಡಲೆ ಹೊಟ್ಟು ಗಾಲಿಗೆ ಗೋಲಿ ಹಾಸಿದಂತೆ. ಅದರ ಮೇಲೆ ಬ್ರೇಕೂ ಬೇಡ, ತಿರುವೂ ಬೇಡ. ಮೊದಲ ಮಳೆಗೆ ಎರೆಮಣ್ಣು ರಸ್ತೆಗೆ ಬಂದ ದಿನ ಬಸ್ಸಿಗೇ ಹೋಗಿ, ಅದರಲ್ಲಿ ನಾಚಿಕೆ ಏನಿಲ್ಲ.

ಅತ್ತೆಯವರ ಜೊತೆ ವಾದ ಬೇಡ. ಅವರ ಮಾತಿನಲ್ಲಿ ಬೈಗುಳಕ್ಕಿಂತ ಕಾಳಜಿಯೇ ಹೆಚ್ಚಿರಬಹುದು. ಮೂರನೆಯ ದಿನ ಅವರನ್ನೇ ಮೈದಾನಕ್ಕೆ ಕರೆದುಕೊಂಡು ಹೋಗಿ, ನೀವು ನಿಲ್ಲಿಸುವುದನ್ನು ನೋಡಲಿ. ಓಡಿಸುವುದಕ್ಕಿಂತ ನಿಲ್ಲಿಸುವುದನ್ನು ಕಂಡರೆ ಮನೆಯವರಿಗೆ ಸಮಾಧಾನ.

ರವಿವಾರ ರಾತ್ರಿ ನಿದ್ದೆ ಬಾರದಿದ್ದರೆ ಮಲಗಿಯೇ ಇರಿ, ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಹತ್ತು ಸಲ. ಗಾಡಿ ಹತ್ತಿದಾಗಲೂ ಇದೇ ಮಾಡಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ನಾಲ್ಕು ಚಮಚ ಉಪ್ಪಿಟ್ಟು ತಿನ್ನಿ, ಚಹಾ ಒಂದೇ ಸಾಕು, ನೀರಿನ ಬಾಟಲಿ ಇರಲಿ. ಚೂಡಿದಾರ ಹಾಕುವುದಾದರೆ ಓಢಣಿ ಮನೆಯಲ್ಲೇ ಇರಲಿ, ಗಾಲಿಗೆ ಸುತ್ತಿದರೆ ಕುತ್ತಿಗೆಗೇ ಬರುತ್ತದೆ. ಕಾಲಿಗೆ ಕಣಕಾಲು ಮುಚ್ಚುವ ಬೂಟು, ಚಪ್ಪಲಿ ಬೇಡ. ಹೆಲ್ಮೆಟ್ ಐಎಸ್‌ಐ ಗುರುತಿನದು, ನಿಮ್ಮದೇ ಅಳತೆಯದು: ಗಲ್ಲ ಒತ್ತಬೇಕು, ತಲೆ ಅಲ್ಲಾಡಿಸಿದರೆ ಅದು ಬೇರೆ ಅಲುಗಾಡಬಾರದು, ಪಟ್ಟಿಯ ಕೆಳಗೆ ಎರಡು ಬೆರಳಷ್ಟೇ ಹೋಗಬೇಕು. ತುರುಬು ಕಟ್ಟಿದರೆ ಹೆಲ್ಮೆಟ್ ಹಣೆಯ ಮೇಲೆ ಏರಿ ಕೂರುತ್ತದೆ. ಸೋಮವಾರ ಮುಂಜಾನೆ ಕೂದಲನ್ನು ಕುತ್ತಿಗೆಯ ಹತ್ತಿರ ಕೆಳಗೆ ಸಡಿಲ ಜಡೆ ಹಾಕಿ ಅಂಗಿಯೊಳಗೆ ಬಿಡಿ, ಕ್ಲಿಪ್ಪು, ಹೂವು ಬೇಡ, ಆರೂಕಾಲಿಗೆ ಮನೆ ಬಿಡಿ.