ಮೂವರು ಮೂರು ಮಾತು ಹೇಳಿದರೆ ಯಾರನ್ನು ನಂಬಲಿ?

ಪ್ರಶ್ನೆ: ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ಮಾತಿಲ್ಲ, ಹೆಸರು ಹಿಡಿದು ಕರೆದರೂ ತಿರುಗಲ್ಲ. ಕುಕ್ಕರ್ ಸೀಟಿ ಹೊಡೆದರೆ ಮಾತ್ರ ಕಿವಿ ಮುಚ್ಚಿಕೊಳ್ಳುತ್ತಾನೆ. ಸೈಕಲ್ ಬೋರಲು ಹಾಕಿ ಗಾಲಿ ತಿರುಗಿಸುತ್ತ ಕೂರುತ್ತಾನೆ. ಊರಿನ ಮಕ್ಕಳ ಡಾಕ್ಟರು ‘ಕಾಯಿರಿ’ ಅಂದರು. ರಾಯಚೂರಿನ ಸ್ಪೀಚ್ ಥೆರಪಿಸ್ಟ್ ‘ಆಟಿಸಂ ಲಕ್ಷಣ’ ಅಂದರು. ಇನ್ನೊಬ್ಬರು ಎಂಆರ್‌ಐ ಬರೆದಿದ್ದಾರೆ. ಅತ್ತೆ ‘ಇವರಪ್ಪನೂ ತಡವಾಗೇ ಮಾತಾಡಿದ್ದು’ ಅಂತಾರೆ.
– ಒಬ್ಬ ತಾಯಿ, ಸಿಂಧನೂರು

ಉತ್ತರ: ಕಾಯಿರಿ ಅಂದದ್ದನ್ನು ನಾನು ಒಪ್ಪುವುದಿಲ್ಲ ತಾಯಿ. ಆಟಿಸಂ ಅಂದರೆ ಜನರೊಡನೆ ಬೆರೆಯುವುದು, ಮಾತು-ಸನ್ನೆ ಬೇರೆ ರೀತಿ ಬೆಳೆಯುವ ಸ್ಥಿತಿ. ಅದರ ಅನುಮಾನವಿದೆಯೇ ಎಂದು ನೋಡಲು 16ರಿಂದ 30 ತಿಂಗಳ ಮಕ್ಕಳಿಗೆಂದೇ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಇದೆ. ಹತ್ತು ನಿಮಿಷದ ಕೆಲಸ. ಅದರಲ್ಲಿ ಅಂಕ ಹೆಚ್ಚು ಬಂದರೆ ಆಟಿಸಂ ಎಂದೇ ಅಲ್ಲ, ಮುಂದಿನ ಪರೀಕ್ಷೆ ಬೇಕು ಎಂದಷ್ಟೇ ಅರ್ಥ.

ಮೊದಲು ಕಿವಿ ಕೇಳಿಸುವುದನ್ನು ಪರೀಕ್ಷಿಸುವ ಆಡಿಯಾಲಜಿಸ್ಟ್ ಹತ್ತಿರ ಹೋಗಿ. ಸೀಟಿ ಕೇಳಿಸಿದ ಮಾತ್ರಕ್ಕೆ ಕಿವಿ ಸರಿಯಿದೆ ಎನ್ನಲಾಗದು, ಮೆಲುದನಿ ಕೇಳಿಸದಿರಬಹುದು. ಮಗು ಮಲಗಿದ್ದಾಗ, ಶಬ್ದಕ್ಕೆ ಕಿವಿಯ ನರ ಮತ್ತು ಮೆದುಳು ಸ್ಪಂದಿಸುವುದನ್ನು ಅಳೆಯುವ ಬೆರಾ ಪರೀಕ್ಷೆ ಮಾಡುತ್ತಾರೆ.

ಆಟಿಸಂ ರಕ್ತದಲ್ಲೂ ಸ್ಕ್ಯಾನ್‌ನಲ್ಲೂ ಕಾಣುವುದಿಲ್ಲ. ಫಿಟ್ಸ್ ಬಂದಿದ್ದರೆ, ನರದ ಬೇರೆ ತೊಂದರೆಯ ಗುರುತಿದ್ದರೆ ಎಂಆರ್‌ಐ ಸರಿ. ಇಲ್ಲದಿದ್ದರೆ ಕೂಸಿಗೆ ಮತ್ತಿನ ಔಷಧ ಕೊಟ್ಟು ಅದರೊಳಗೆ ಮಲಗಿಸುವ ಮುಂಚೆ ‘ಇದರಲ್ಲಿ ಏನು ಹುಡುಕುತ್ತಿದ್ದೀರಿ?’ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.

ಸ್ಪೀಚ್ ಥೆರಪಿಸ್ಟ್ ಮಾತು, ಸನ್ನೆ ನೋಡಿ ಅನುಮಾನ ಹೇಳಿದ್ದಾರೆ, ತಪ್ಪಲ್ಲ. ಖಚಿತ ಮಾಡಬೇಕಾದವರು ಮಕ್ಕಳ ಬೆಳವಣಿಗೆಯಲ್ಲಿ ಪಳಗಿದ ವೈದ್ಯರು, ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್. ಅವರು ಮಗುವನ್ನು ಆಡಲು ಬಿಟ್ಟು ನೋಡುತ್ತಾರೆ. ಬಿಸ್ಕತ್ತು ಬೇಕಾದಾಗ ಬೆರಳು ತೋರಿಸಿ ನಿಮ್ಮ ಮುಖ ನೋಡುತ್ತಾನೋ, ನಿಮ್ಮ ಕೈ ಹಿಡಿದು ಡಬ್ಬಿಯ ಮೇಲಿಡುತ್ತಾನೋ? ಇದು ಅವರಿಗೆ ದೊಡ್ಡ ಸುಳಿವು. ಗಾಲಿಯಾಟವೊಂದೇ ಸಾಲದು; ಜನರೊಡನೆ ಬೆರೆಯುವುದರಲ್ಲೂ ತೊಡಕಿರಬೇಕು. ಅತ್ತೆಯವರ ಮಾತನ್ನೂ ಅಲ್ಲಿ ಹೇಳಿ, ಮನೆತನದ ವಿವರ ಅವರೂ ಕೇಳುತ್ತಾರೆ. ಆದರೆ ಅದನ್ನೇ ನೆಚ್ಚಿ ಕೂರಬೇಡಿ.

ಅಂಗನವಾಡಿಗೆ ವರ್ಷಕ್ಕೆರಡು ಸಲ ಬರುವ, ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಾದ ಆರ್‌ಬಿಎಸ್‌ಕೆ ತಂಡಕ್ಕೂ ತೋರಿಸಿ, ಮುಂದಿನ ಆಸ್ಪತ್ರೆಗೆ ಅವರೇ ಬರೆದುಕೊಡುತ್ತಾರೆ. ಎಲ್ಲರೂ ಒಂದೇ ಕಡೆ ಸಿಗಬೇಕೆಂದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಅಥವಾ ಬೆಂಗಳೂರಿನ ನಿಮ್ಹಾನ್ಸ್. ದೂರವೇ, ಆದರೆ ಅಲೆದಾಟ ತಪ್ಪುತ್ತದೆ.

ಹೋಗುವಾಗ ಮನೆಯಲ್ಲಿ ಅವನು ಆಡುವ, ಉಣ್ಣುವ ವಿಡಿಯೊ ಮೊಬೈಲಿನಲ್ಲಿರಲಿ. ಹೊಸ ಜಾಗದಲ್ಲಿ ಅಳುತ್ತ ಕೂತರೆ ಅದೇ ಕೆಲಸಕ್ಕೆ ಬರುತ್ತದೆ. ಮಾತಿನ ತರಬೇತಿಗೆ ರಿಪೋರ್ಟ್ ಕಾಯಬೇಕಿಲ್ಲ, ಈ ವಾರವೇ ಶುರು ಮಾಡಿಸಿ.